ಮ್ಯಾಜಿಕ್, ಪೋಕೆಮಾನ್ ಕಾರ್ಡ್‌ಗಳು ಕ್ಯಾಟಲಾಗ್‌ನಲ್ಲಿ ಯಾವ ಪುಟಕ್ಕೆ? ಆಟದ ಪುಟಕ್ಕಾ, ಚೀಟಿಗಳ ಪುಟಕ್ಕಾ?

ಪೆಟ್ಟಿಗೆಮನೆ · ಶುಕ್ರವಾರ ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೈಯಬೇಡಿ.

ನಾವು ಐದು ಜನ ಗೆಳೆಯರು ಸೇರಿ ಒಂದು ಶೀಟ್ ಇಟ್ಟುಕೊಂಡಿದ್ದೇವೆ. ಯಾರ ಮನೆಯಲ್ಲಿ ಏನೇನು ಸಂಗ್ರಹ ಇದೆ ಅನ್ನುವುದು ಅದರಲ್ಲಿರುತ್ತದೆ. ಅಂಚೆಚೀಟಿಗೆ ಒಂದು ಪುಟ, ನಾಣ್ಯಕ್ಕೆ ಒಂದು, ಬೆಂಕಿಪೊಟ್ಟಣದ ಚೀಟಿಗೆ ಒಂದು, ಬೋರ್ಡ್ ಗೇಮ್‌ಗಳಿಗೆ ಒಂದು. ಇಷ್ಟು ದಿನ ಜಗಳವಿಲ್ಲದೆ ನಡೆದುಕೊಂಡು ಬಂದಿತ್ತು.

ಹೋದ ತಿಂಗಳು ನಮ್ಮ ಅತ್ತೆ ಮಗ ಮನೆ ಖಾಲಿ ಮಾಡುವಾಗ ಒಂದು ಶೂ ಡಬ್ಬಿ ತಂದುಕೊಟ್ಟ. ಅಮೆರಿಕದಲ್ಲಿ ಓದುತ್ತಿದ್ದಾಗ ಕೂಡಿಸಿದ್ದಂತೆ. ರಬ್ಬರ್ ಬ್ಯಾಂಡ್ ಕರಗಿ ಮೇಲಿನ ಎರಡು ಕಾರ್ಡ್‌ಗೆ ಅಂಟಿಕೊಂಡಿದೆ, ಆ ನೋವು ಬೇರೆ. ಒಳಗೆ ಜಾಸ್ತಿ ಇರುವುದು ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನುವ ಆಟದ ಕಾರ್ಡ್. ಆಮೇಲೆ ಪೋಕೆಮಾನ್, ಕೊನೆಯಲ್ಲಿ ಒಂದು ಹಿಡಿ ಯುಗಿಯೋ. ಎಣಿಸಿದರೆ 640 ಚಿಲ್ಲರೆ.

ಈಗ ಇದನ್ನು ಎಲ್ಲಿ ಬರೆಯಲಿ? ಬೋರ್ಡ್ ಗೇಮ್ ಪುಟದಲ್ಲಿ ಒಂದು ಸಾಲು ಅಂದರೆ ಒಂದು ಡಬ್ಬಿ. ಆ ಲೆಕ್ಕದಲ್ಲಿ 'ಮ್ಯಾಜಿಕ್, 1' ಅಂತ ಒಂದು ಸಾಲು ಬರೆದರೆ ಮುಗಿಯಿತು. ಅದು ಯಾಕೋ ಮನಸ್ಸಿಗೆ ಒಪ್ಪುತ್ತಿಲ್ಲ. ಅಂಚೆಚೀಟಿ ಥರ ಒಂದೊಂದನ್ನೂ ಬರೆಯೋಣ ಅಂದರೆ, ಗುಂಪಿನಲ್ಲಿ ಒಬ್ಬರು "ಆಟದ ಸಾಮಾನನ್ನು ಚೀಟಿ ಜೊತೆ ಸೇರಿಸಬೇಡಿ" ಅಂತ ಪಟ್ಟು ಹಿಡಿದಿದ್ದಾರೆ.

ಇನ್ನೊಂದು ಚಿಕ್ಕ ಅನುಮಾನ. 'ಹಿಮ್ ಟು ಟೂರಾಕ್' ಅನ್ನುವ ಕಾರ್ಡ್ ಆರು ಸಿಕ್ಕಿವೆ. ಆರಕ್ಕೂ ಒಂದೇ ಹೆಸರು, ಒಂದೇ ಕಿರೀಟದ ಗುರುತು. ಆದರೆ ಚಿತ್ರ ಎಲ್ಲದರಲ್ಲೂ ಒಂದೇ ಅಲ್ಲ. ಇವು ಡೂಪ್ಲಿಕೇಟಾ, ಬೇರೆ ಬೇರೆಯಾ?

ಹಸಿರುಡೆಕ್ · ಶುಕ್ರವಾರ ರಾತ್ರಿ 10:31

ಗುರುವೇ, ಇದರಲ್ಲಿ ಯೋಚನೆ ಮಾಡುವುದೇನಿದೆ? ಆಟ ಅಂದಮೇಲೆ ಆಟದ ಪುಟ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಮ್ಯಾಜಿಕ್ ಮಾಡಿದ್ದು ಆಡುವುದಕ್ಕೆ. ಆಲ್ಬಮ್ಮಿನಲ್ಲಿ ಮಲಗಿಸುವುದಕ್ಕಲ್ಲ.

ಸಿಸಿಜಿ (ಕಲೆಕ್ಟಿಬಲ್ ಕಾರ್ಡ್ ಗೇಮ್), ಟಿಸಿಜಿ (ಟ್ರೇಡಿಂಗ್ ಕಾರ್ಡ್ ಗೇಮ್) ಅಂತ ಎರಡು ಹೆಸರು ಕೇಳುತ್ತೀರಿ. ಎರಡೂ ಒಂದೇ. ಕಲೆಕ್ಟಿಬಲ್ ಅಂದರೆ ಕೂಡಿಸುವುದು, ಟ್ರೇಡಿಂಗ್ ಅಂದರೆ ಕೊಟ್ಟು ತಗೊಳ್ಳುವುದು. ಪೋಕೆಮಾನ್, ಯುಗಿಯೋ ಕಂಪನಿಗಳು ಟಿಸಿಜಿ ಅನ್ನುತ್ತವೆ, ಅಷ್ಟೇ. ಅದಕ್ಕಾಗಿ ಸುಮ್ನೆ ಎರಡು ಪುಟ ಮಾಡಬೇಡಿ. ಬರಿ ಟ್ರೇಡಿಂಗ್ ಕಾರ್ಡ್ ಮಾತ್ರ ಬೇರೆ ಜಾತಿ. ಬೇಸ್‌ಬಾಲ್ ಆಟಗಾರನ ಫೋಟೊ, ಹಿಂದೆ ಅವನ ಅಂಕಿಅಂಶ ಇರುತ್ತದಲ್ಲ, ಅದು. ಅದನ್ನು ಇಟ್ಟುಕೊಂಡು ಆಡುವುದಕ್ಕೆ ನಿಯಮ ಇಲ್ಲ.

ನಿಮ್ಮ ಹಿಮ್ ವಿಷಯ: ಆರೂ ಒಂದೇ ಕಾರ್ಡ್. ಒಂದು ಡೆಕ್‌ನಲ್ಲಿ, ಅಂದರೆ ಆಡುವುದಕ್ಕೆ ಆರಿಸಿ ಕಟ್ಟಿಕೊಂಡ ಕಟ್ಟಿನಲ್ಲಿ, ಸಾಮಾನ್ಯವಾಗಿ ಒಂದೇ ಹೆಸರಿನ ಕಾರ್ಡ್ ನಾಲ್ಕಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ. ಚಿತ್ರ ಯಾವುದೇ ಇರಲಿ, ಲೆಕ್ಕ ಹೆಸರಿನ ಮೇಲೆ. 'ಎಷ್ಟಿದೆ: 6' ಅಂತ ಬರೆದು ಮಲಗಿ.

ಅಂಚೆಮುದ್ರೆ · ಶನಿವಾರ ಬೆಳಿಗ್ಗೆ 6:50

ಮಲಗುವ ಮೊದಲು ನನ್ನದೊಂದು ಮಾತು ಕೇಳಿ.

ನನಗೆ ಈ ಆಟ ಗೊತ್ತಿಲ್ಲ. ಚೀಟಿ ಗೊತ್ತು. 1957ರಲ್ಲಿ ನಯೇಪೈಸೆ ಬಂದಾಗ ಭಾರತದ ನಕ್ಷೆ ಇರುವ ಅಂಚೆಚೀಟಿಗಳು ಬಂದವು. ಅದೇ ಚಿತ್ರ ಒಂದೆರಡು ವರ್ಷ ಬಿಟ್ಟು ಮತ್ತೆ ಅಚ್ಚಾಯಿತು. ಮುಂದಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಬೆಳಕಿಗೆ ಹಿಡಿದರೆ ಮೊದಲಿನದರಲ್ಲಿ ನಕ್ಷತ್ರದ ವಾಟರ್‌ಮಾರ್ಕ್, ಆಮೇಲಿನದರಲ್ಲಿ ಅಶೋಕ ಸ್ತಂಭದ ಸಿಂಹ. ಅಂಚೆ ಅಣ್ಣನಿಗೆ ಎರಡೂ ಒಂದೇ, ಎರಡರಲ್ಲೂ ಕಾಗದ ಊರು ಸೇರುತ್ತದೆ. ನನ್ನ ಆಲ್ಬಮ್ಮಿನಲ್ಲಿ ಅವಕ್ಕೆ ಎರಡು ಜಾಗ.

ಹಸಿರುಡೆಕ್ ಅವರು ಹೇಳಿದ್ದು ಅಂಚೆ ಅಣ್ಣನ ಲೆಕ್ಕ. ಪೆಟ್ಟಿಗೆಮನೆಯವರು ಕೇಳುತ್ತಿರುವುದು ಆಲ್ಬಮ್ ಲೆಕ್ಕ. ಯಾವ ಪುಟ ಅನ್ನುವುದು ಆಮೇಲೆ. ಮೊದಲು ಒಂದು ಸಾಲು ಅಂದರೆ ಏನು ಅಂತ ತೀರ್ಮಾನ ಮಾಡಿ.

ಕಡಲಮಳೆ · ಶನಿವಾರ ಬೆಳಿಗ್ಗೆ 9:05

ಅಂಚೆಮುದ್ರೆ ಸರ್ ಹೇಳಿದ್ದು ಸರಿ. ಆ 'ಒಂದು ಸಾಲು' ಯಾವುದು ಅಂತ ಕಂಡುಹಿಡಿಯುವುದಕ್ಕೆ ನನ್ನ ಹತ್ತಿರ ಒಂದು ಹಳ್ಳಿ ಪರೀಕ್ಷೆ ಇದೆ ಮಾರಾಯ್ರೆ. ಒಂದು ಎಲೆ ಕಳೆದುಹೋಯಿತು ಅಂತ ಇಟ್ಟುಕೊಳ್ಳಿ. ಏನು ಹಾಳಾಯಿತು?

ನಮ್ಮ ಮನೆಯ ಇಸ್ಪೀಟ್ ಕಟ್ಟಿನಲ್ಲಿ ಕಳಾವರ್ ಏಳು ಕಳೆದಿತ್ತು. ಅಜ್ಜ ಜೋಕರ್ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ 'ಕ 7' ಅಂತ ಬರೆದರು. ಒತ್ತಿ ಬರೆದದ್ದು ಹಿಂದಿನಿಂದಲೂ ಉಬ್ಬಿ ಕಾಣುತ್ತಿತ್ತು. ಆಮೇಲೆ ಆ ಎಲೆ ಯಾರ ಕೈಯಲ್ಲಿದೆ ಅಂತ ಇಡೀ ಜಗಲಿಗೆ ಗೊತ್ತು. ಒಂದು ಎಲೆ ಹೋದದ್ದಕ್ಕೆ ಕಟ್ಟೇ ಕೆಟ್ಟಿತು. ಹಾಗಾಗಿ ಇಸ್ಪೀಟಿಗೆ ಒಂದು ಕಟ್ಟು ಒಂದು ಸಾಲು.

ಶಾಲೆಯಲ್ಲಿ ಆಡುತ್ತಿದ್ದ ಕುಸ್ತಿ ಟ್ರಂಪ್ ಕಾರ್ಡ್ ನೆನಪಿದೆಯಾ? ರ‍್ಯಾಂಕ್, ಎತ್ತರ, ತೂಕ, ಬೈಸೆಪ್ಸ್ ಅಂತ ಕೂಗಿ ಕಾರ್ಡ್ ಕಿತ್ತುಕೊಳ್ಳುತ್ತಿದ್ದೆವು. ಅದೂ ಡಬ್ಬಿಯಲ್ಲಿ ಪೂರ್ತಿ ಸೆಟ್ಟಾಗಿ ಬರುತ್ತಿತ್ತು. ಒಂದನೇ ರ‍್ಯಾಂಕಿನವನು ಕಳೆದರೆ ಅಳುವೇ ಬರುತ್ತಿತ್ತು. ಅದಕ್ಕೂ ಕಟ್ಟೇ ಸಾಲು. ಅದೇ ಟಾಪ್ಸ್ ಕಂಪನಿಯ ಸ್ಲ್ಯಾಮ್ ಅಟ್ಯಾಕ್ಸ್, ಕ್ರಿಕೆಟ್ ಅಟ್ಯಾಕ್ಸ್ ನೋಡಿ. ಮುಚ್ಚಿದ ಪ್ಯಾಕೆಟ್, ಒಳಗೆ ಯಾರು ಇದ್ದಾರೆ ಅಂತ ಒಡೆದ ಮೇಲೆಯೇ ಗೊತ್ತು. ಅದರಲ್ಲಿ ಒಂದು ಕಳೆದರೆ ಆ ಒಂದು ಹೋಯಿತು ಅಷ್ಟೇ, ಉಳಿದವಕ್ಕೆ ಏನೂ ಆಗಲಿಲ್ಲ. ಯಾಕೆಂದರೆ ಅದು ಯಾವತ್ತೂ 'ಪೂರ್ತಿ' ಆಗಿ ಬಂದೇ ಇರಲಿಲ್ಲ. ಅಲ್ಲಿ ಒಂದು ಕಾರ್ಡ್ ಒಂದು ಸಾಲು.

ಎರಡೂ ಕುಸ್ತಿ, ಎರಡೂ ಕಾರ್ಡ್, ಎರಡೂ ಆಟ. ಆದರೆ ಕ್ಯಾಟಲಾಗ್‌ನಲ್ಲಿ ಎರಡು ಜಾತಿ.

ಪೆಟ್ಟಿಗೆಮನೆ · ಶನಿವಾರ ಬೆಳಿಗ್ಗೆ 11:20

ಕಡಲಮಳೆಯವರೇ, ಈ ಪರೀಕ್ಷೆ ಬಹಳ ಚೆನ್ನಾಗಿದೆ. ಶೀಟಿನಲ್ಲಿ ತಲೆನೋವಾಗಿದ್ದ ನಾಲ್ಕೈದು ಆಟಗಳ ಮೇಲೆ ಹಾಕಿ ನೋಡಿದೆ.

ಡೊಮಿನಿಯನ್ ಸುಲಭ. ಆಡುತ್ತಾ ಡೆಕ್ ಕಟ್ಟುತ್ತೇವೆ ನಿಜ, ಆದರೆ ಎಲ್ಲ ಕಾರ್ಡೂ ಡಬ್ಬಿಯಲ್ಲೇ ಇರುತ್ತದೆ. ಡಬ್ಬಿ ಒಂದು ಸಾಲು.

ನೆಟ್‌ರನ್ನರ್ ಮಜವಾಗಿದೆ. 1996ರಲ್ಲಿ ಬಂದದ್ದು ಪ್ಯಾಕೆಟ್ ಒಡೆದು ಕೂಡಿಸುವ ಆಟ. 2012ರಲ್ಲಿ ಫ್ಯಾಂಟಸಿ ಫ್ಲೈಟ್‌ನವರು ಅದನ್ನೇ ಆಂಡ್ರಾಯ್ಡ್: ನೆಟ್‌ರನ್ನರ್ ಅಂತ ತಂದಾಗ ಲಿವಿಂಗ್ ಕಾರ್ಡ್ ಗೇಮ್ ಮಾಡಿದರು. ತಿಂಗಳು ತಿಂಗಳು ಬರುತ್ತಿದ್ದ ಚಿಕ್ಕ ಪ್ಯಾಕಿನಲ್ಲಿ 60 ಕಾರ್ಡ್, 20 ಬಗೆ, ಒಂದೊಂದೂ ಮೂರು. ಯಾರು ತಗೊಂಡರೂ ಅದೇ. ಅಂದರೆ ಹಳೆಯದಕ್ಕೆ ಕಾರ್ಡ್ ಒಂದು ಸಾಲು, ಹೊಸದಕ್ಕೆ ಪ್ಯಾಕ್ ಒಂದು ಸಾಲು. ಹೆಸರು ನೋಡಿ ಎರಡನ್ನೂ ಒಂದೇ ಕಡೆ ಹಾಕಿದ್ದೆ, ಈಗ ಬೇರೆ ಮಾಡಿದೆ.

ಕೀಫೋರ್ಜ್ ನೋಡಿ ನಗು ಬಂತು. 2018ರದ್ದು, ಅದೂ ಗಾರ್ಫೀಲ್ಡ್ ಅವರದೇ. ಮುಚ್ಚಿದ ಡಬ್ಬಿ ಒಡೆದರೆ 36 ಕಾರ್ಡಿನ ಒಂದು ಡೆಕ್, ಅದಕ್ಕೇ ಅಂತ ಒಂದು ಹೆಸರು. ಅದೇ ಡೆಕ್ ಇನ್ನೊಬ್ಬರಿಗೆ ಸಿಗುವುದಿಲ್ಲ. ಒಂದು ಕಾರ್ಡ್ ತೆಗೆದು ಇನ್ನೊಂದರಲ್ಲಿ ಸೇರಿಸುವ ಹಾಗೂ ಇಲ್ಲ. ಒಳಗೆ ಏನು ಬರುತ್ತದೆ ಅನ್ನುವುದು ಲಾಟರಿ, ಆದರೆ ಬಂದ ಮೇಲೆ ಅದು ಇಸ್ಪೀಟ್ ಕಟ್ಟು. ಡೆಕ್ ಒಂದು ಸಾಲು.

ಹಸಿರುಡೆಕ್ · ಶನಿವಾರ ಮಧ್ಯಾಹ್ನ 1:15

ಪರೀಕ್ಷೆಯಲ್ಲಿ ತೂತಿದೆ. ನನ್ನ ಮ್ಯಾಜಿಕ್ ಡೆಕ್‌ನಲ್ಲಿ 60 ಕಾರ್ಡ್. ಒಂದು ಕಳೆದರೆ 59. ನಿಯಮದ ಪ್ರಕಾರ ಆಡುವ ಹಾಗಿಲ್ಲ. ಹಾಗಾದರೆ ಇದೂ ಕಟ್ಟು ತಾನೇ?

ಕಡಲಮಳೆ · ಶನಿವಾರ ಮಧ್ಯಾಹ್ನ 1:40

ಆ ಡೆಕ್ ಕಟ್ಟಿದ್ದು ನೀವು, ಕಂಪನಿ ಅಲ್ಲವಲ್ಲ. ನಾಳೆ ಬಿಚ್ಚಿ ಬೇರೆ ಕಟ್ಟುತ್ತೀರಿ. ಕಾರ್ಡ್ ದಿನಸಿ, ಡೆಕ್ ಅಡುಗೆ. ಉಗ್ರಾಣದ ಪಟ್ಟಿಯಲ್ಲಿ 'ಬೇಳೆ 2 ಕೆಜಿ' ಅಂತ ಬರೆಯುತ್ತೇವೆ, 'ನಿನ್ನೆಯ ಸಾರು' ಅಂತ ಬರೆಯುತ್ತೇವಾ?

ಹಸಿರುಡೆಕ್ · ಶನಿವಾರ ಮಧ್ಯಾಹ್ನ 1:43

😂 ಸೋತೆ. ಆದರೂ ಡೆಕ್‌ಗೆ ಅಂತ ಒಂದು ಕಾಲಂ ಇಡಿ, ಯಾವ ಕಾರ್ಡ್ ಈಗ ಯಾವ ಡೆಕ್‌ನಲ್ಲಿದೆ ಅಂತ. ಇಲ್ಲದಿದ್ದರೆ ಫೋಲ್ಡರಿನಲ್ಲಿ ಹುಡುಕಿ ಹುಡುಕಿ ಸಾಕಾಗುತ್ತದೆ.

ಪೆಟ್ಟಿಗೆಮನೆ · ಶನಿವಾರ ಸಂಜೆ 5:30

ಹಾಗಾದರೆ ಹೊಸ ಪುಟ: 'ಕೂಡಿಸುವ ಕಾರ್ಡ್ ಆಟ'. ಒಂದು ಕಾರ್ಡ್ ಒಂದು ಸಾಲು. ಆಟದ ಹೆಸರು, ಸೆಟ್ (ಕಂಪನಿ ಒಟ್ಟಿಗೆ ಹೊರತಂದ ಕಾರ್ಡ್‌ಗಳ ಗುಂಪು), ಕಾರ್ಡ್ ಹೆಸರು, ನಂಬರ್, ಎಷ್ಟಿದೆ. ಇಷ್ಟು ಸಾಕಲ್ವಾ?

ತೊಂದರೆ ಏನೆಂದರೆ, ಪೋಕೆಮಾನ್ ಕಾರ್ಡಿನ ಕೆಳಗೆ ಬಲಗಡೆ 58/102 ಅಂತ ನೀಟಾಗಿ ನಂಬರ್ ಇದೆ. ಮ್ಯಾಜಿಕ್‌ನ ಅರ್ಧಕ್ಕರ್ಧ ಕಾರ್ಡ್‌ನಲ್ಲಿ ನಂಬರೇ ಇಲ್ಲ. ಭೂತಗನ್ನಡಿ ಹಿಡಿದು ಹುಡುಕಿದೆ.

ಹಸಿರುಡೆಕ್ · ಶನಿವಾರ ರಾತ್ರಿ 9:48

ಹುಡುಕಬೇಡಿ, ಸಿಗುವುದಿಲ್ಲ. ಮ್ಯಾಜಿಕ್ ಕಾರ್ಡಿಗೆ ನಂಬರ್ ಬಂದದ್ದು 1998ರ ಎಕ್ಸೋಡಸ್ ಸೆಟ್ಟಿನಿಂದ. ಸೆಟ್ಟಿನ ಗುರುತಿಗೆ ಬಣ್ಣ ಬಂದದ್ದೂ ಅದರಲ್ಲೇ: ಕಪ್ಪು ಅಂದರೆ ಕಾಮನ್, ಬೆಳ್ಳಿ ಅಂದರೆ ಅನ್‌ಕಾಮನ್, ಚಿನ್ನ ಅಂದರೆ ರೇರ್. ಅದಕ್ಕೂ ಹಿಂದಿನದಕ್ಕೆ ಗುರುತಿನ ಆಕಾರ ನೋಡಿ ಸೆಟ್ ಹೇಳಬೇಕು. ನಿಮ್ಮ ಕಿರೀಟ 1994ರ ಫಾಲನ್ ಎಂಪೈರ್ಸ್.

ಅದಕ್ಕಿಂತ ಹಿಂದೆ ಹೋದರೆ ಇನ್ನೂ ಕಷ್ಟ. ಮೊಟ್ಟಮೊದಲ ಮುದ್ರಣ ಆಲ್ಫಾ, ಎರಡನೆಯದು ಬೀಟಾ. ಎರಡರಲ್ಲೂ ಸೆಟ್ಟಿನ ಗುರುತಿಲ್ಲ, ನಂಬರಿಲ್ಲ, ಎರಡಕ್ಕೂ ಕಪ್ಪು ಅಂಚು. ಮೂಲೆ ನೋಡಿಯೇ ಹೇಳಬೇಕು. ಆಲ್ಫಾದ ಮೂಲೆ ಜಾಸ್ತಿ ದುಂಡಗೆ. ಆಲ್ಫಾದಲ್ಲಿ 295 ಕಾರ್ಡ್, ಬೀಟಾದಲ್ಲಿ 302. ಆ ಏಳು ಎಲ್ಲಿಂದ ಬಂತು ಅಂದರೆ, ಆಲ್ಫಾ ಅಚ್ಚು ಹಾಕುವಾಗ ಎರಡು ಕಾರ್ಡ್ ಬಿಟ್ಟೇ ಹೋಗಿತ್ತು: ವಾಲ್ಕ್ಯಾನಿಕ್ ಐಲ್ಯಾಂಡ್, ಮತ್ತೆ ಸರ್ಕಲ್ ಆಫ್ ಪ್ರೊಟೆಕ್ಷನ್ ಸರಣಿಯಲ್ಲಿ ಬ್ಲ್ಯಾಕ್. ಬೀಟಾದಲ್ಲಿ ಅವನ್ನು ಸೇರಿಸಿದರು. ಜೊತೆಗೆ ಬೇಸಿಕ್ ಲ್ಯಾಂಡ್ ಅನ್ನುವ ಐದು ಬಗೆಯ ಭೂಮಿ ಕಾರ್ಡ್‌ಗಳಿಗೆ ಒಂದೊಂದು ಹೊಸ ಚಿತ್ರ. ಎರಡೂ ಐದೂ ಏಳು. ಮೂರನೆಯ ಮುದ್ರಣ ಅನ್‌ಲಿಮಿಟೆಡ್, ಅದಕ್ಕೆ ಬಿಳಿ ಅಂಚು.

ಆದ್ದರಿಂದ ಮುದ್ರಣಕ್ಕೆ ಒಂದು ಕಾಲಂ ಬೇಕೇ ಬೇಕು. ಲೈಟ್ನಿಂಗ್ ಬೋಲ್ಟ್ ಅನ್ನುವ ಕಾರ್ಡ್ ಒಂದನ್ನೇ ತಗೊಳ್ಳಿ. ಆಲ್ಫಾದಿಂದ ಹಿಡಿದು ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕ ಸುಸ್ತು. ಆಡುವಾಗ ಎಲ್ಲವೂ ಮೂರು ಡ್ಯಾಮೇಜ್. ಬೆಲೆ ಕೇಳಿದರೆ ಒಂದು ಕಾಫಿ ದುಡ್ಡು, ಇನ್ನೊಂದು ಬೈಕ್ ದುಡ್ಡು.

ಫಾಯಿಲ್‌ಗೂ ಒಂದು ಕಾಲಂ ಇಡಿ. ಪ್ಯಾಕೆಟ್ಟಿನಲ್ಲಿ ಹೊಳೆಯುವ ಕಾರ್ಡ್ ಬರಲು ಶುರುವಾದದ್ದು 1999ರ ಉರ್ಝಾಸ್ ಲೆಗಸಿಯಿಂದ. ನಂಬರ್ ಒಂದೇ ಇರುತ್ತದೆ, ಕಾರ್ಡ್ ಬೇರೆ.

ಅಂಚೆಮುದ್ರೆ ಸರ್, ಬರೆಯುತ್ತಾ ಬರೆಯುತ್ತಾ ನಿಮ್ಮ ವಾಟರ್‌ಮಾರ್ಕ್ ಮಾತು ನನಗೂ ಅರ್ಥವಾಗುತ್ತಿದೆ.

ಅಂಚೆಮುದ್ರೆ · ಭಾನುವಾರ ಬೆಳಿಗ್ಗೆ 6:35

ಸಂತೋಷ. ಚೀಟಿ ಕ್ಯಾಟಲಾಗ್‌ಗಳಲ್ಲಿ ಇದಕ್ಕೆ ಹಳೇ ದಾರಿ ಇದೆ. ಒಂದು ಮುಖ್ಯ ನಂಬರ್, ಅದರ ಕೆಳಗೆ ಎ, ಬಿ, ಸಿ. ದೊಡ್ಡ ವ್ಯತ್ಯಾಸಕ್ಕೆ ಹೊಸ ನಂಬರ್, ಚಿಕ್ಕದಕ್ಕೆ ಹೊಸ ಅಕ್ಷರ. ಯಾವುದು ದೊಡ್ಡದು, ಯಾವುದು ಚಿಕ್ಕದು ಅಂತ ನಾವು ಐವತ್ತು ವರ್ಷದಿಂದ ಜಗಳ ಆಡುತ್ತಿದ್ದೇವೆ. ನೀವೂ ಶುರು ಮಾಡಿ.

ಪೆಟ್ಟಿಗೆಮನೆ · ಭಾನುವಾರ ಬೆಳಿಗ್ಗೆ 10:10

ಜಗಳ ಆಗಲೇ ಶುರುವಾಗಿದೆ ಸರ್. ಪೋಕೆಮಾನ್ ನೀಟಾಗಿದೆ ಅಂದುಕೊಂಡಿದ್ದೆನಲ್ಲ, ಅದರಲ್ಲೇ ಸಿಕ್ಕಿಬಿದ್ದೆ. ಪಿಕಾಚು ಎರಡು ಸಿಕ್ಕಿದೆ. ಎರಡೂ ಇಂಗ್ಲಿಷ್ ಬೇಸ್ ಸೆಟ್, ಎರಡೂ 58/102. ಒಂದರ ಕೆನ್ನೆ ಕೆಂಪು, ಇನ್ನೊಂದರದ್ದು ಹಳದಿ.

ಹಸಿರುಡೆಕ್ · ಭಾನುವಾರ ಬೆಳಿಗ್ಗೆ 10:26

ಎರಡನ್ನೂ ಪಕ್ಕ ಪಕ್ಕ ಇಟ್ಟು ಚಿತ್ರದ ಚೌಕಟ್ಟಿನ ಬಲಗಡೆ ನೋಡಿ. ಒಂದರಲ್ಲಿ ಬೂದು ನೆರಳು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ನೆರಳಿಲ್ಲದ್ದು 1999ರ ಮೊದಮೊದಲ ಅಚ್ಚು. ಎಡಗಡೆ ಚಿತ್ರದ ಕೆಳಗೆ 'ಎಡಿಷನ್ 1' ಅಂತ ಚಿಕ್ಕ ಮುದ್ರೆ ಇದ್ದರೆ ಇನ್ನೂ ಹಿಂದಿನದು. ಅಂದರೆ ಒಂದೇ ನಂಬರಿನಲ್ಲಿ ಮೂರು ಮುದ್ರಣ, ಅದರ ಮೇಲೆ ಕೆನ್ನೆ ಬಣ್ಣ.

ಉಲ್ಟಾನೂ ಇದೆ. ಜಂಗಲ್ ಸೆಟ್ಟಿನಲ್ಲಿ 64 ಕಾರ್ಡ್. 1ರಿಂದ 16 ಹೊಳೆಯುವ ರೇರ್. 17ರಿಂದ 32 ಅದೇ ಹದಿನಾರು, ಹೊಳಪಿಲ್ಲದೆ. ಇಲ್ಲಿ ಹೊಳಪಿಗೇ ಬೇರೆ ನಂಬರ್ ಕೊಟ್ಟಿದ್ದಾರೆ. ಆಮೇಲೆ ಟೀಮ್ ರಾಕೆಟ್ ಸೆಟ್ಟಿನಲ್ಲಿ ಡಾರ್ಕ್ ರಾಯ್‌ಚು 83/82. ಎಂಬತ್ತೆರಡರಲ್ಲಿ ಎಂಬತ್ಮೂರನೆಯದು! ನಿಮ್ಮ ಶೀಟ್ ಅದನ್ನು ತಪ್ಪು ಅಂತ ಕೆಂಪು ಮಾಡಿದರೆ ಗಾಬರಿ ಆಗಬೇಡಿ. ಬೇಕು ಅಂತಲೇ ಅಡಗಿಸಿ ಇಟ್ಟ ಕಾರ್ಡ್ ಅದು.

ಯುಗಿಯೋದಲ್ಲಿ ಎರಡು ನಂಬರ್ ಇರುತ್ತದೆ, ಕಲಸಿಬಿಡಬೇಡಿ. ಚಿತ್ರದ ಕೆಳಗೆ ಬಲಗಡೆ ಇರುವುದು ಸೆಟ್ಟಿನ ಕೋಡ್. ಬ್ಲೂ-ಐಸ್ ವೈಟ್ ಡ್ರ್ಯಾಗನ್‌ನ ಮೊದಲ ಇಂಗ್ಲಿಷ್ ಕಾರ್ಡ್ ಎಲ್‌ಓಬಿ-001. ಕಾರ್ಡಿನ ಕೆಳಗೆ ಎಡಮೂಲೆಯಲ್ಲಿ ಎಂಟು ಅಂಕಿ ಇರುತ್ತದೆ, ಬ್ಲೂ-ಐಸ್‌ಗೆ 89631139. ಮೊದಲನೆಯದು ಯಾವ ಸೆಟ್ಟಿನಿಂದ ಬಂತು ಅಂತ ಹೇಳುತ್ತದೆ. ಎರಡನೆಯದು ಕಾರ್ಡ್ ಯಾವುದು ಅಂತ ಹೇಳುತ್ತದೆ. ಕ್ಯಾಟಲಾಗ್ ಮಾಡುವವರಿಗೆ ಇಷ್ಟು ಅನುಕೂಲ ಬೇರೆ ಆಟದವರು ಆಗ ಮಾಡಿಕೊಟ್ಟಿರಲಿಲ್ಲ ಅಂತ ನನ್ನ ಅಭಿಪ್ರಾಯ. ಅಂದಹಾಗೆ ಯುಗಿಯೋ ಕಾರ್ಡ್ ಚಿಕ್ಕದು, 59 ಮಿಮೀ ಅಗಲ. ಮ್ಯಾಜಿಕ್, ಪೋಕೆಮಾನ್ 63. ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಸ್ಲೀವ್ ತರುವಾಗ ನೋಡಿಕೊಂಡು ತನ್ನಿ.

ಅಟ್ಟದಮೇಲೆ · ಭಾನುವಾರ ಮಧ್ಯಾಹ್ನ 12:50

ನಾನು ಸಂಗ್ರಹಕಾರಳಲ್ಲ, ಮಗನ ತಾಯಿ. ಅವನ ಹತ್ತಿರ ಚಿನ್ನದ ಬಣ್ಣದ ಪ್ಲಾಸ್ಟಿಕ್ ಪೋಕೆಮಾನ್ ಕಾರ್ಡ್ ಒಂದು ಕಟ್ಟಿದೆ. ಜಾತ್ರೆಯಲ್ಲಿ ಕೊಂಡದ್ದು. ಈ ಚರ್ಚೆ ಓದಿ ಅವನೂ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡುತ್ತಿದ್ದಾನೆ. ಇವನ್ನು ಎಲ್ಲಿ ಬರೆಯಬೇಕು ಅಂತ ಕೇಳುತ್ತಿದ್ದಾನೆ. ನಕಲಿ ಅಂತ ಹೇಳಿದರೆ ಊಟ ಬಿಡುತ್ತಾನೆ.

ಕಡಲಮಳೆ · ಭಾನುವಾರ ಮಧ್ಯಾಹ್ನ 1:05

ಮೇಡಂ, ಮಗನಿಗೆ ಹೇಳಿ, ಅದಕ್ಕೆ ಅಂತಲೇ ಬೇರೆ ಪುಟ ಇದೆ ಅಂತ. ಸುಳ್ಳಲ್ಲ, ನಿಜವಾಗಿಯೂ ಬೇಕು. ಇಪ್ಪತ್ತು ವರ್ಷ ಬಿಟ್ಟು ನಾವೆಲ್ಲ ಹುಡುಕುವುದು ಅದನ್ನೇ.

ಅಂಚೆಮುದ್ರೆ · ಭಾನುವಾರ ಮಧ್ಯಾಹ್ನ 2:20

ಚೀಟಿ ಲೋಕದಲ್ಲಿ ಅಂಚೆಗೆ ಸಲ್ಲದ, ಚೀಟಿಯಂತೆ ಕಾಣುವ ಎಲ್ಲದಕ್ಕೂ 'ಸಿಂಡರೆಲ್ಲಾ' ಅನ್ನುತ್ತೇವೆ. ಅದನ್ನಷ್ಟೇ ಕೂಡಿಸುವವರೂ ಇದ್ದಾರೆ. ಮಗುವಿಗೆ ಅದೇ ಹೆಸರು ಹೇಳಿಕೊಡಿ. ಅಸಲಿ ಪುಟದಲ್ಲಿ ಮಾತ್ರ ಸೇರಿಸುವುದು ಬೇಡ.

ಹಸಿರುಡೆಕ್ · ಭಾನುವಾರ ಮಧ್ಯಾಹ್ನ 2:32

ಕಾಗದದ ಕಾರ್ಡ್ ಬಗ್ಗೆ ಅನುಮಾನ ಇದ್ದರೆ ಅಂಚನ್ನು ಬೆಳಕಿನಲ್ಲಿ ನೋಡಲು ಹೇಳಿ ಅಕ್ಕ. ಅಸಲಿ ಪೋಕೆಮಾನ್ ಕಾರ್ಡಿನಲ್ಲಿ ಎರಡು ಬಿಳಿ ಪದರದ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ. ಹರಿದು ನೋಡುವುದು ಬೇಡ!

ಮೈಸೂರುಬೀದಿ · ಭಾನುವಾರ ಸಂಜೆ 4:15

ತಡವಾಗಿ ಬಂದೆ. ನಮ್ಮ ಗಂಜೀಫಾ ಯಾವ ಪುಟಕ್ಕೆ? ಕೈಯಲ್ಲಿ ಬರೆದ ಚಿತ್ರ, ದುಂಡನೆ ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರ್ ಹೊಸ ಹೊಸ ಗಂಜೀಫಾ ಆಟಗಳನ್ನೇ ಮಾಡಿಸಿದ್ದರು. ಕೂಡಿಸುವವರೂ ಇದ್ದಾರೆ, ಕಾರ್ಡೂ ಹೌದು, ಆಟವೂ ಹೌದು. ಅಂದರೆ ಕೂಡಿಸುವ ಕಾರ್ಡ್ ಆಟ ಅಲ್ವಾ?

ಪೆಟ್ಟಿಗೆಮನೆ · ಭಾನುವಾರ ಸಂಜೆ 4:40

ಕಡಲಮಳೆಯವರ ಪರೀಕ್ಷೆ ಹಾಕಿ ಸರ್. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹನ್ನೆರಡು ಹನ್ನೆರಡು ಎಲೆ, ಒಟ್ಟು 120. ಒಂದು ಕಳೆದರೆ 119, ಆಟ ನಿಂತಿತು. ಹಾಗಾಗಿ ಅದು ಕಟ್ಟು. ಇಸ್ಪೀಟಿನ ಪುಟದಲ್ಲಿ ಮೊದಲ ಸಾಲು ಅದಕ್ಕೇ ಕೊಡುತ್ತೇನೆ.

ಮೈಸೂರುಬೀದಿ · ಭಾನುವಾರ ಸಂಜೆ 4:52

ನನ್ನ ಹತ್ತಿರ ಒಂದೇ ಒಂದು ಎಲೆ ಇದೆ. ಮತ್ಸ್ಯಾವತಾರದ್ದು. ಫ್ರೇಮ್ ಹಾಕಿಸಿದ್ದೇನೆ.

ಅಂಚೆಮುದ್ರೆ · ಭಾನುವಾರ ಸಂಜೆ 5:00

'ಕಟ್ಟು, ಅಪೂರ್ಣ, 1/120'. ನಾಚಿಕೆ ಪಡುವಂಥದ್ದೇನಿಲ್ಲ.

ಪೆಟ್ಟಿಗೆಮನೆ · ಭಾನುವಾರ ರಾತ್ರಿ 9:30

ಇವತ್ತು ಪುಟ ಮಾಡಿ ಮುಗಿಸಿದೆ. ಕಾಲಂಗಳು ಹೀಗಿವೆ: ಆಟ, ಸೆಟ್, ಮುದ್ರಣ, ಕಾರ್ಡ್ ಹೆಸರು, ಕಾರ್ಡಿನ ಮೇಲಿರುವ ನಂಬರ್, ಚಿತ್ರಕಾರ, ಭಾಷೆ, ಫಾಯಿಲ್ ಹೌದು-ಅಲ್ಲ, ಸ್ಥಿತಿ, ಎಷ್ಟಿದೆ, ಈಗ ಎಲ್ಲಿದೆ. ನಂಬರ್ ಇಲ್ಲದಿದ್ದರೆ ಖಾಲಿ ಬಿಡುವುದು. ನಾವೇ ಒಂದು ನಂಬರ್ ಹುಟ್ಟಿಸುವುದಿಲ್ಲ. ಕಾಪಿರೈಟ್ ಸಾಲಿನ ವರ್ಷವನ್ನು ಮುದ್ರಣದ ವರ್ಷ ಅಂತ ಬರೆಯುವುದೂ ಇಲ್ಲ. ನನ್ನ ಪಿಕಾಚು ಮೇಲೆ 1995 ಅಂತ ಇದೆ, ಇಂಗ್ಲಿಷ್ ಕಾರ್ಡ್ ಬಂದದ್ದೇ 1999ರಲ್ಲಿ.

ಚಿತ್ರಕಾರರ ಕಾಲಂ ಸೇರಿಸಿದ್ದು ಹಿಮ್ ದೆಸೆಯಿಂದ. ಫಾಲನ್ ಎಂಪೈರ್ಸ್‌ನಲ್ಲಿ ಆ ಕಾರ್ಡಿಗೆ ನಾಲ್ಕು ಜನ ನಾಲ್ಕು ಚಿತ್ರ ಬರೆದಿದ್ದಾರೆ. ನಂಬರ್ ಇಲ್ಲ, ಬೇರೆ ಗುರುತಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿರುವ ಹೆಸರೊಂದೇ ಆಧಾರ. ಟಾರ್ಚ್ ಹಾಕಿ ಓದಿದೆ. ಕ್ವಿಂಟನ್ ಹೂವರ್ ಮೂರು, ಲಿಜ್ ಡ್ಯಾನ್‌ಫೋರ್ತ್ ಎರಡು, ಸ್ಕಾಟ್ ಕಿರ್ಶ್ನರ್ ಒಂದು. ಅಂದರೆ ಆರು ಕಾರ್ಡ್, ಮೂರು ಸಾಲು.

ಸುಸಾನ್ ವ್ಯಾನ್ ಕ್ಯಾಂಪ್ ಅವರದ್ದು ಇಲ್ಲ. ನಿನ್ನೆಯವರೆಗೆ ಆ ಹೆಸರೇ ಗೊತ್ತಿರಲಿಲ್ಲ, ಈಗ ನಾಲ್ಕನೇ ಸಾಲು ಖಾಲಿ ಕಂಡು ನಿದ್ದೆ ಬರುತ್ತಿಲ್ಲ.

ಹಸಿರುಡೆಕ್ · ಭಾನುವಾರ ರಾತ್ರಿ 9:37

ವ್ಯಾನ್ ಕ್ಯಾಂಪ್ ನನ್ನ ಹತ್ತಿರ ಎರಡಿದೆ. ನನಗೆ ಡ್ಯಾನ್‌ಫೋರ್ತ್ ಇಲ್ಲ. ಮುಂದಿನ ಭಾನುವಾರ ಕಬ್ಬನ್ ಪಾರ್ಕ್ ಹತ್ತಿರ ಸಿಗುತ್ತೀರಾ?

ಅಂಚೆಮುದ್ರೆ · ಸೋಮವಾರ ಬೆಳಿಗ್ಗೆ 6:41

ಎಲ್ಲವೂ ಒಂದೇ ಕಾರ್ಡ್ ಅಂದಿದ್ದಿರಲ್ಲ ಸ್ವಾಮಿ?

ಹಸಿರುಡೆಕ್ · ಸೋಮವಾರ ಬೆಳಿಗ್ಗೆ 8:58

ಆಡುವಾಗ, ಸರ್.